ಹಳೆಯ ಹೆಡ್ ಸ್ಟಡ್ ಮತ್ತೆ ಹಾಕಬಹುದಾ?

ಪ್ರಶ್ನೆ: ಅಪ್ಪನ ಅಂಬಾಸಿಡರ್ ವರ್ಷಗಟ್ಟಲೆ ನಿಂತಿತ್ತು. ಈಗ ಅದರ 1489 ಸಿಸಿ ಎಂಜಿನ್ ಬಿಚ್ಚಿದ್ದೇವೆ. ಹೆಡ್ ಸ್ಟಡ್‌ಗಳು (ಎಂಜಿನ್‌ನ ಮೇಲ್ಭಾಗವಾದ ಹೆಡ್ಡನ್ನು ಕೆಳಗಿನ ಬ್ಲಾಕ್‌ಗೆ ಹಿಡಿದಿಡುವ ಥ್ರೆಡ್ ಸರಳುಗಳು) ನೋಡಲು ಚೆನ್ನಾಗಿವೆ, ಬದಲಿಸಲೇಬೇಕಾ?
– ಓದುಗರು, ಕಾರವಾರ

ಉತ್ತರ: ಸುಮ್ನೆ ಕಣ್ಣಲ್ಲಿ ನೋಡಿದರೆ ಗೊತ್ತಾಗಲ್ಲ. ಥ್ರೆಡ್ ಒರೆಸಿ, ನಟ್ಟನ್ನು ಬರಿಗೈಯಲ್ಲಿ ಕೊನೆತನಕ ತಿರುಗಿಸಿ. ನಡುವೆ ಬಿಗಿಯಾಗಿ ನಿಂತರೆ ಥ್ರೆಡ್ ಕೆಟ್ಟಿದೆ, ಇಲ್ಲವೇ ಸ್ಟಡ್ ಹಿಗ್ಗಿ ಉದ್ದವಾಗಿದೆ. ನಿಮ್ಮದು ಕಡಲ ಉಪ್ಪುಗಾಳಿಯ ಊರು ಅಲ್ವಾ, ಬ್ಲಾಕ್‌ನಿಂದ ಮೇಲೇಳುವ ಜಾಗದಲ್ಲಿ ತುಕ್ಕು ತಿಂದು ಸೂಜಿಮೊನೆಯಷ್ಟು ಗುಳಿ ಬಿದ್ದಿದ್ದರೂ ಯೋಚಿಸಬೇಡಿ, ಇಡೀ ಸೆಟ್ ಬದಲಿಸಿ. ಸ್ಟಡ್ ಬಿಚ್ಚಲು ಅದರ ಮೇಲೆ ಎರಡು ನಟ್ ಒಂದಕ್ಕೊಂದು ಬಿಗಿದು ಕೆಳಗಿನದನ್ನು ತಿರುಗಿಸಿ. ಹೊಸದು ಹಾಕುವಾಗ ಬ್ಲಾಕ್‌ನ ತೂತಿನಲ್ಲಿ ಎಣ್ಣೆ, ನೀರು ಇರಲೇಬಾರದು, ಒತ್ತಡಕ್ಕೆ ಬ್ಲಾಕೇ ಸೀಳಬಹುದು. ಸ್ಟಡ್‌ಗೆ ಕೈಬಿಗಿ ಸಾಕು. ಹೆಡ್ ನಟ್‌ಗಳನ್ನು ಮಾತ್ರ ನಡುವಿನಿಂದ ಹೊರಕ್ಕೆ, ಹಂತಹಂತವಾಗಿ, ಟಾರ್ಕ್ ರೆಂಚ್‌ನಲ್ಲೇ (ಬಿಗಿತ ಅಳೆಯುವ ಸ್ಪ್ಯಾನರ್) ಬಿಗಿಯಿರಿ.