ಧರೆ ನಿಲ್ಲಿಸುವ ಲೆಕ್ಕ, ಒದ್ದೆ ಮರಳಿನ ಲೆಕ್ಕ

ಪ್ರಶ್ನೆ: ಪಿಯುಸಿ ಮುಗಿಸಿದ್ದೇನೆ, ಸಿವಿಲ್ ಎಂಜಿನಿಯರಿಂಗ್ ಸೇರುವ ಆಸೆ. ‘ಮನೆ ಕಟ್ಟೋದನ್ನ ಮೇಸ್ತ್ರಿ ಹತ್ರ ಕಲಿತರಾಯ್ತು, ನಾಲ್ಕು ವರ್ಷ ಯಾಕೆ?’ ಅಂತಾರೆ ಮನೆಯಲ್ಲಿ. ಅಲ್ಲಿ ಕಲಿಸುವುದಾದರೂ ಏನು?
– ಓದುಗ, ತೀರ್ಥಹಳ್ಳಿ

ಉತ್ತರ: ಮೇಸ್ತ್ರಿಯ ವಿದ್ಯೆ ಸಣ್ಣದಲ್ಲ. ಗೋಡೆ ಕಟ್ಟುವುದು ಅವರಿಗೆ ಗೊತ್ತು. ಆ ಗೋಡೆಯ ಮೇಲೆ ಎಷ್ಟು ಬಲ ಬೀಳುತ್ತದೆ ಎಂದು ಕಟ್ಟುವ ಮೊದಲೇ ಹೇಳುವುದನ್ನು ಕಾಲೇಜಿನಲ್ಲಿ ಕಲಿಯುತ್ತೀರಿ.

ನಿಮ್ಮ ಕಡೆಯ ಧರೆಯನ್ನೇ, ಅಂದರೆ ಕಡಿದ ಗುಡ್ಡದ ನೆಟ್ಟಗಿನ ಮಗ್ಗುಲನ್ನೇ ನೋಡಿ. ಮನೆ ಹಿಂದೆ ಗುಡ್ಡ ಕಡಿದು 3 ಮೀಟರ್ ಎತ್ತರದ ತಡೆಗೋಡೆ ಕಟ್ಟಿದಿರಿ ಅನ್ನಿ. ಮಣ್ಣಿನ ತೂಕ ಘನ ಮೀಟರಿಗೆ 1.8 ಟನ್, ಘರ್ಷಣೆಯ ಕೋನ (ಮಣ್ಣಿನ ಕಣಗಳು ಜಾರದೆ ಒಂದನ್ನೊಂದು ಹಿಡಿದುಕೊಳ್ಳುವ ಶಕ್ತಿಯ ಅಳತೆ) 30 ಡಿಗ್ರಿ ಎಂದು ಹಿಡಿದರೆ, ನೀರು ನಿಲ್ಲದ ಮಣ್ಣು ಗೋಡೆಯ ಪ್ರತಿ ಮೀಟರ್ ಉದ್ದವನ್ನು ಸುಮಾರು 2.7 ಟನ್ ಬಲದಿಂದ ನೂಕುತ್ತದೆ. ಆಷಾಢದ ಮಳೆಗೆ ಗೋಡೆಯ ಹಿಂದೆ ತುದಿಯವರೆಗೂ ನೀರು ನಿಂತರೆ ನೂಕು 6 ಟನ್ನಿಗೆ ಹತ್ತಿರ ಬರುತ್ತದೆ. ಅದರಲ್ಲಿ ನೀರಿನ ಪಾಲೇ 4.5 ಟನ್. ಹಾಗಾಗಿ ಗೋಡೆ ದಪ್ಪ ಮಾಡುವ ಮೊದಲು ನೀರಿಗೆ ದಾರಿ ಮಾಡಬೇಕು. ಮೀಟರು, ಒಂದೂವರೆ ಮೀಟರಿಗೊಂದು 75–100 ಮಿ.ಮೀ. ಪೈಪು ಇಟ್ಟು, ಅದರ ಹಿಂದೆ ಒಂದಡಿಯಷ್ಟು ಜಲ್ಲಿ ತುಂಬಬೇಕು. ಬರೀ ಪೈಪು ಇಟ್ಟರೆ ಒಂದೆರಡು ಮಳೆಗಾಲದಲ್ಲೇ ಮಣ್ಣು ಕಟ್ಟಿ ಮುಚ್ಚಿಹೋಗುತ್ತದೆ.

ಈ ಒಂದು ಗೋಡೆಗೆ ಮೂರು ವಿಷಯ ಬೇಕಾಯಿತು: ಮಣ್ಣಿನ ಶಾಸ್ತ್ರ (ಸಾಯಿಲ್ ಮೆಕ್ಯಾನಿಕ್ಸ್), ನೀರಿನ ಶಾಸ್ತ್ರ, ಕಾಂಕ್ರೀಟ್ ವಿನ್ಯಾಸ. ಮೊದಲ ವರ್ಷ ಗಣಿತ, ವಿಜ್ಞಾನ, ಮೆಕ್ಯಾನಿಕ್ಸ್. ಆಮೇಲೆ ಸರ್ವೆ, ತೊಲೆ-ಕಂಬಗಳ ಬಲ, ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್) ವಿನ್ಯಾಸ, ರಸ್ತೆ, ಕುಡಿಯುವ ನೀರು, ಒಳಚರಂಡಿ, ಎಸ್ಟಿಮೇಟು, ಕೊನೆಗೆ ಪ್ರಾಜೆಕ್ಟು. ಮಲೆನಾಡಿನಲ್ಲಿ ಕೆಲಸ ಮಾಡುವವರು ಸಾಯಿಲ್ ಮೆಕ್ಯಾನಿಕ್ಸನ್ನು ಬರೀ ಪಾಸಾಗಲು ಓದಬಾರದು. ಇಲ್ಲಿ ಧರೆ ಜರಿಯುವುದು, ರಸ್ತೆ ಕುಸಿಯುವುದು ಎಲ್ಲ ಆ ವಿಷಯದೊಳಗೇ ಇದೆ.

ಪ್ರಶ್ನೆ: ಮಗಳು ಸಿವಿಲ್ ಮೂರನೇ ವರ್ಷ. ಮರಳು ಒದ್ದೆಯಿದ್ದರೆ ಕಾಂಕ್ರೀಟಿಗೆ ನೀರು ಕಡಿಮೆ ಹಾಕಬೇಕು ಅಂತಾಳೆ. ಎಷ್ಟು ಕಡಿಮೆ?
– ಓದುಗರು, ಸಾಗರ

ಉತ್ತರ: ಮಗಳು ಹೇಳುವುದು ಸರಿ. ಒಂದು ಘನ ಮೀಟರ್ ಕಾಂಕ್ರೀಟಿಗೆ 350 ಕೆ.ಜಿ. ಸಿಮೆಂಟು, 175 ಲೀಟರ್ ನೀರು, 700 ಕೆ.ಜಿ. ಮರಳು ಎಂದಿಟ್ಟುಕೊಳ್ಳಿ. ನೀರು-ಸಿಮೆಂಟಿನ ಅನುಪಾತ 0.5. ಮರಳಿನ ಮೈಮೇಲೆ ಶೇ 5ರಷ್ಟು ತೇವವಿದ್ದರೆ ಅದರ ಜೊತೆಗೇ 35 ಲೀಟರ್ ನೀರು ಬಂದಿರುತ್ತದೆ. ಲೆಕ್ಕಿಸದೆ 175 ಲೀಟರ್ ಸುರಿದರೆ ಅನುಪಾತ 0.6 ಆಗಿ, 28 ದಿನದ ಕ್ಯೂಬ್ ಪರೀಕ್ಷೆಯಲ್ಲಿ (ಕಾಂಕ್ರೀಟಿನ ಘನಾಕಾರದ ಅಚ್ಚನ್ನು ಒತ್ತಿ ಒಡೆದು ನೋಡುವುದು) ಬಲ ಕಡಿಮೆ ಬರುತ್ತದೆ. 140 ಲೀಟರ್ ಹಾಕಿ, ಮರಳನ್ನು 735 ಕೆ.ಜಿ. ತೂಗಿ.

ತೇವ ತಿಳಿಯಲು 1 ಕೆ.ಜಿ. ಮರಳನ್ನು ಬಾಣಲೆಯಲ್ಲಿ ಪೂರ್ತಿ ಒಣಗುವವರೆಗೆ ಹುರಿದು ಮತ್ತೆ ತೂಗಿ. 952 ಗ್ರಾಂ ಉಳಿದರೆ ತೇವ ಶೇ 5. ಮರಳು ಒಳಗೆ ಹೀರಿಕೊಂಡ ನೀರನ್ನು, ಸಾಮಾನ್ಯವಾಗಿ ಶೇ 1ರ ಆಸುಪಾಸು, ಇದರಿಂದ ಕಳೆದರೆ ಮೈಮೇಲಿನ ತೇವ ಸಿಗುತ್ತದೆ.

ಪೆಟ್ಟಿಗೆಯಲ್ಲಿ ಅಳೆಯುವ ಸೈಟಿನಲ್ಲಿ ಇನ್ನೊಂದು ತೊಡಕು: ಒದ್ದೆ ಮರಳು ಉಬ್ಬುತ್ತದೆ. ಡಬ್ಬದಲ್ಲಿ 20 ಸೆಂ.ಮೀ. ತುಂಬಿ, ನೀರು ಹಾಕಿ ಕಲಕಿ ಬಿಡಿ. ಅದು 16ಕ್ಕೆ ಇಳಿದರೆ ಉಬ್ಬು ಶೇ 25, ಅಂದರೆ ನಾಲ್ಕು ಪೆಟ್ಟಿಗೆಯ ಜಾಗದಲ್ಲಿ ಐದು ಬೇಕು.

ಪ್ರಶ್ನೆ: ಗಣಿತ ಅಷ್ಟಕ್ಕಷ್ಟೆ. ಸಿವಿಲ್ ಓದಬಹುದೇ?
– ಓದುಗರು, ಹೊಸನಗರ

ಉತ್ತರ: ಓದಬಹುದು. ಎಡವುವುದು ಹೆಚ್ಚಾಗಿ ಎರಡನೇ ವರ್ಷದ ಬೆಂಡಿಂಗ್ ಮೊಮೆಂಟಿನಲ್ಲಿ, ಅಂದರೆ ಭಾರಕ್ಕೆ ತೊಲೆಯನ್ನು ಬಾಗಿಸುವ ಪರಿಣಾಮದ ಲೆಕ್ಕದಲ್ಲಿ. ಅಲ್ಲಿ ಸೂತ್ರ ಬಾಯಿಪಾಠ ಮಾಡದೆ, ತೊಲೆ ಎತ್ತ ಬಾಗುತ್ತದೆ, ಕಬ್ಬಿಣ ಯಾವ ಬದಿಗೆ ಬೇಕು ಎಂದು ಚಿತ್ರ ಬರೆದು ನೋಡಿ. ಮನೆ ಮುಂದಿನ ಸಜ್ಜಾದಲ್ಲಿ ಮುಖ್ಯ ಕಂಬಿ ಮೇಲ್ಬದಿಗೆ ಇರಬೇಕು. ಯಾಕೆಂದು ಚಿತ್ರದಲ್ಲಿ ತೋರಿಸಲು ಬಂದ ದಿನ ಆ ಪಾಠ ನಿಮಗೆ ಅರ್ಥವಾಗಿದೆ.