ಕಾಸಿಗಾಗಿ ಸುದ್ದಿ: ಮತ ಎಣಿಕೆ ಆದ ಮೇಲೆ ದೂರಿದರೆ ಏನು ಬಂತು?

ಪ್ರಶ್ನೆ: ಚುನಾವಣೆ ಹೊತ್ತಲ್ಲಿ ನಮ್ಮೂರಿಗೆ ಬರುವ ಎರಡು ಪತ್ರಿಕೆಗಳಲ್ಲಿ ಒಬ್ಬ ಅಭ್ಯರ್ಥಿಯ ಬಗ್ಗೆ ಅಕ್ಷರ ಬದಲಾಗದ ಒಂದೇ ವರದಿ ಬಂದಿತ್ತು. ಜಾಹೀರಾತು ಅಂತ ಎಲ್ಲೂ ಹಾಕಿರಲಿಲ್ಲ. ದುಡ್ಡು ಕೊಟ್ಟಿದ್ದಕ್ಕೆ ಸಾಕ್ಷಿ ಇಲ್ಲದೆ ದೂರು ಕೊಡಬಹುದೇ?

ಉತ್ತರ: ಕೊಡಬಹುದು. ದುಡ್ಡು ಪಡೆದು ಸುದ್ದಿಯ ವೇಷದಲ್ಲಿ ಹಾಕುವ ಇಂಥ ಪ್ರಚಾರವೇ ‘ಕಾಸಿಗಾಗಿ ಸುದ್ದಿ’. ಆದರೆ ಈ ಪ್ರಶ್ನೆ ನನಗೆ ಬರುವುದು ಯಾವಾಗಲೂ ಫಲಿತಾಂಶ ಬಂದ ಮೇಲೆಯೇ. ಬೇಸರ ಆಗುವುದು ಅದಕ್ಕೆ.

ರಸೀದಿ ಹುಡುಕಬೇಡಿ, ಯಾರೂ ಬರೆದುಕೊಡುವುದಿಲ್ಲ. ಬರಹವನ್ನೇ ನೋಡಿ. ಎರಡು ಪತ್ರಿಕೆಗಳಲ್ಲಿ ಒಂದೇ ಒಕ್ಕಣೆ, ಒಂದೇ ಫೋಟೊ ಇದೆಯೇ? ‘ಎಲ್ಲ ಸಮುದಾಯಗಳ ಬೆಂಬಲ, ಗೆಲುವು ಖಚಿತ’ ಎಂದು ವರದಿಗಾರನ ಹೆಸರಿಲ್ಲದೆ ಬಂದಿದೆಯೇ? ಒಂದೇ ಪುಟದಲ್ಲಿ ಇಬ್ಬರು ಎದುರಾಳಿಗಳೂ ಗೆಲ್ಲುತ್ತಾರಾ? ದೂರು ಕೊಡಲು ಇಂಥ ಸಾಂದರ್ಭಿಕ ಸಾಕ್ಷ್ಯ ಸಾಕು.

ಪತ್ರಿಕೆಯ ಪೂರ್ತಿ ಪುಟ ಎತ್ತಿಡಿ, ದಿನಾಂಕ ಕಾಣುವಂತಿರಲಿ. ಜಿಲ್ಲೆಯ ಮಾಧ್ಯಮ ಪ್ರಮಾಣೀಕರಣ ಮತ್ತು ಕಣ್ಗಾವಲು ಸಮಿತಿಗೆ ಅಂದೇ ಬರೆದು ಕೊಡಿ. ಜಿಲ್ಲಾ ಚುನಾವಣಾಧಿಕಾರಿ, ಅಂದರೆ ನಿಮ್ಮ ಡಿಸಿಯೇ, ಅದರ ಮುಖ್ಯಸ್ಥರು. ಸುದ್ದಿ ಬಂದ 96 ಗಂಟೆಯೊಳಗೆ ಕ್ಷೇತ್ರದ ಚುನಾವಣಾಧಿಕಾರಿ ಅಭ್ಯರ್ಥಿಗೆ ನೋಟಿಸ್ ಕೊಡಬೇಕು, 48 ಗಂಟೆಯಲ್ಲಿ ಅವರು ಉತ್ತರಿಸಬೇಕು. ನೀವು ವಾರ ಬಿಟ್ಟು ಹೋದರೆ ಹೇಗೆ? ಮೊದಲು ಫೇಸ್‌ಬುಕ್‌ನಲ್ಲಿ ಹಾಕಿ ಯುದ್ಧ ಶುರು ಮಾಡುವುದೂ ಬೇಡ. ಮಾನನಷ್ಟದ ಕೇಸು ಬಿದ್ದರೆ ಓಡಾಡುವವರು ನೀವೇ.

ಸಾಬೀತಾದರೆ ಆ ಬರಹಕ್ಕೆ ಜಾಹೀರಾತು ದರ ಕಟ್ಟಿ ಅಭ್ಯರ್ಥಿಯ ಚುನಾವಣಾ ಖರ್ಚಿನ ಲೆಕ್ಕಕ್ಕೆ ಸೇರಿಸುತ್ತಾರೆ. ನಮ್ಮಲ್ಲಿ ವಿಧಾನಸಭೆಗೆ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ‘ಒಂದು ಸುದ್ದಿ ಸಿಕ್ಕಿಬಿದ್ದರೆ ಆಯ್ಕೆ ರದ್ದು’ ಎಂದು ಹಬ್ಬಿಸುವವರನ್ನು ನಂಬಬೇಡಿ. ಕಾಸಿಗಾಗಿ ಸುದ್ದಿ ಇನ್ನೂ ಪ್ರತ್ಯೇಕ ಚುನಾವಣಾ ಅಪರಾಧವೇ ಅಲ್ಲ. ಅದನ್ನು ಅಪರಾಧವೆಂದು ಕಾನೂನಿನಲ್ಲಿ ಸೇರಿಸಿ ಎಂದು ಚುನಾವಣಾ ಆಯೋಗ ಕೇಳಿದರೂ ಸರ್ಕಾರಗಳು ಸೇರಿಸಿಲ್ಲ. ಇದು ನಾಚಿಕೆಗೇಡು. ಹಾಗಂತ ದೂರು ವ್ಯರ್ಥವಲ್ಲ. ಉತ್ತರ ಪ್ರದೇಶದ ಬಿಸೌಲಿಯಲ್ಲಿ 2007ರಲ್ಲಿ ಗೆದ್ದ ಉಮ್ಲೇಶ್ ಯಾದವ್ ಇಂಥ ಖರ್ಚನ್ನು ಲೆಕ್ಕದಲ್ಲಿ ತೋರಿಸಿರಲಿಲ್ಲ. 2011ರಲ್ಲಿ ಆಯೋಗ ಅವರನ್ನು 3 ವರ್ಷ ಅನರ್ಹಗೊಳಿಸಿತು. ಅದು ಶುರುವಾಗಿದ್ದೂ ಸೋತ ಎದುರಾಳಿ ಕೊಟ್ಟ ಒಂದು ದೂರಿನಿಂದಲೇ.

ಪ್ರಶ್ನೆ: ಮತಗಟ್ಟೆ ಸಮೀಕ್ಷೆ (ಎಕ್ಸಿಟ್ ಪೋಲ್) ಮತದಾನದ ದಿನವೇ ವಾಟ್ಸ್‌ಆ್ಯಪ್‌ಗೆ ಬಂದಿದೆ. ನಂಬಬಹುದೇ?

ಉತ್ತರ: ಬೇಡ. ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆ ಆಗುವವರೆಗೆ ಅದನ್ನು ಪ್ರಕಟಿಸುವುದೇ ಅಪರಾಧ. ಫಾರ್ವರ್ಡ್ ಕೂಡ ಮಾಡಬೇಡಿ.

ಪ್ರಶ್ನೆ: ಒಂದು ಸಂಘದವರು 5 ಸಾವಿರಕ್ಕೆ ಪ್ರೆಸ್ ಕಾರ್ಡ್ ಕೊಡುತ್ತಾರಂತೆ. ಟೋಲ್ ಕಟ್ಟಬೇಕಿಲ್ಲವಂತೆ, ಹೌದೇ?

ಉತ್ತರ: ಶುದ್ಧ ಮೋಸ. ಹೆದ್ದಾರಿ ಟೋಲ್ ವಿನಾಯಿತಿ ಪಟ್ಟಿಯಲ್ಲಿ ಪತ್ರಕರ್ತರೇ ಇಲ್ಲ. ಸರ್ಕಾರದ ಮಾನ್ಯತಾ ಕಾರ್ಡ್ ಕೊಡುವುದು ವಾರ್ತಾ ಇಲಾಖೆ, ಅದೂ ಕೆಲಸ ಮಾಡುವ ಪತ್ರಕರ್ತರಿಗೆ. ಕಾರ್ಡ್ ಮಾರುವವರ ಮೇಲೆ ಪೊಲೀಸರಿಗೆ ದೂರು ಕೊಡಿ.

ಪ್ರಶ್ನೆ: ಟಿವಿ ಚಾನೆಲ್ ಮೇಲೆ ಪತ್ರಿಕಾ ಮಂಡಳಿಗೆ ದೂರು ಕೊಡಲೇ?

ಉತ್ತರ: ಮಂಡಳಿ ನೋಡುವುದು ಪತ್ರಿಕೆಗಳ ಮೇಲಿನ ದೂರು, ಅದರ ವ್ಯಾಪ್ತಿಗೆ ಟಿವಿ ಬರುವುದಿಲ್ಲ. ಮೊದಲು ಚಾನೆಲ್‌ಗೇ ಬರೆಯಿರಿ.