ಹರಳಿನೊಳಗೆ ಕಂಡದ್ದೇನು?

ಪ್ರಿಯ ಲೇಖಕರೇ,

ಟೊಪಾಲಾಜಿಕಲ್ ಅರೆಲೋಹಗಳ, ಅಂದರೆ ಎಲೆಕ್ಟ್ರಾನುಗಳು ವಿಚಿತ್ರವಾಗಿ ಚಲಿಸುವ ಒಂದು ಬಗೆಯ ಹರಳುಗಳ ಕುರಿತ ನಿಮ್ಮ ಲೇಖನ ತಲುಪಿತು. ಭಾಷೆ ತಿಳಿಯಾಗಿದೆ, ಗಣಿತಜ್ಞ ಹರ್ಮನ್ ವೈಲ್ ದ್ರವ್ಯರಾಶಿಯಿಲ್ಲದ ಕಣಕ್ಕಾಗಿ 1929ರಲ್ಲಿ ಬರೆದ ಸಮೀಕರಣದಿಂದ ಆರಂಭಿಸಿದ್ದೂ ಸರಿ. ಆದರೆ ಎರಡನೆಯ ಪುಟದ ಎರಡು ವಾಕ್ಯಗಳು ನನ್ನನ್ನು ಕೆರಳಿಸಿದವು.

‘2015ರಲ್ಲಿ ಟ್ಯಾಂಟಲಮ್ ಆರ್ಸೆನೈಡ್ ಹರಳಿನಲ್ಲಿ ಹೊಸ ಮೂಲಕಣವೊಂದು ಸಿಕ್ಕಿತು.’ ‘ಮೂಲಕಣ’ ತಪ್ಪು. ‘ಸಿಕ್ಕಿತು’ ಇನ್ನೂ ತಪ್ಪು. ಪ್ರಿನ್ಸ್‌ಟನ್ ಮತ್ತು ಬೀಜಿಂಗ್‌ನ ತಂಡಗಳು ಹರಳಿನ ಮೇಲೆ ಬೆಳಕು ಹಾಯಿಸಿ, ಚಿಮ್ಮಿ ಬಂದ ಎಲೆಕ್ಟ್ರಾನುಗಳ ಶಕ್ತಿಯನ್ನೂ ದಿಕ್ಕನ್ನೂ ಅಳೆದವು. ಹರಳಿನ ಎರಡು ಶಕ್ತಿಪಟ್ಟಿಗಳು (ಎಲೆಕ್ಟ್ರಾನುಗಳಿಗೆ ಹರಳು ಅನುಮತಿಸುವ ಶಕ್ತಿಯ ವ್ಯಾಪ್ತಿಗಳು) ಕೆಲವೇ ಬಿಂದುಗಳಲ್ಲಿ ಒಂದನ್ನೊಂದು ಮುಟ್ಟುತ್ತವೆ. ಆ ಬಿಂದುಗಳ ಬಳಿ ಎಲೆಕ್ಟ್ರಾನುಗಳ ಚಲನೆ ದ್ರವ್ಯರಾಶಿಯೇ ಇಲ್ಲದ ಕಣದ ಚಲನೆಯಂತಿರುತ್ತದೆ. ಆ ಚಲನೆಗೇ ವೈಲ್ ಫರ್ಮಿಯಾನ್ ಎಂದು ಹೆಸರು; ಫರ್ಮಿಯಾನ್ ಎಂದರೆ ಎಲೆಕ್ಟ್ರಾನ್ ಸೇರಿದ ಕಣಗಳ ವರ್ಗ. ಹರಳನ್ನು ಕರಗಿಸಿ ನೋಡಿ: ಎಲೆಕ್ಟ್ರಾನುಗಳು ಉಳಿಯುತ್ತವೆ, ವೈಲ್ ಫರ್ಮಿಯಾನ್ ಉಳಿಯುವುದಿಲ್ಲ.

ನಾನು ಕೆಲಸ ಕಲಿಯುತ್ತಿದ್ದಾಗ ಅರೆವಾಹಕಗಳ ಬಗ್ಗೆ ಬರೆಯುತ್ತ, ಎಲೆಕ್ಟ್ರಾನ್ ತೆರವು ಮಾಡಿದ ಜಾಗವನ್ನು ‘ರಂಧ್ರವೆಂಬ ಕಣ’ ಎಂದಿದ್ದೆ. ನನ್ನ ಸಂಪಾದಕರು ಮಾತಾಡದೆ ಅಚ್ಚುಕೂಟಕ್ಕೆ ಕರೆದೊಯ್ದರು. ಜೋಡಿಸಿಟ್ಟ ಸಾಲಿನಿಂದ ಒಂದು ಅಚ್ಚುಮೊಳೆ ಕಿತ್ತು, ಉಳಿದವನ್ನು ಒಂದೊಂದಾಗಿ ಬಲಕ್ಕೆ ಸರಿಸಿದರು. ಖಾಲಿ ಜಾಗ ಎಡಕ್ಕೆ ನಡೆಯುತ್ತ ಹೋಯಿತು. ‘ನಡೆದದ್ದು ಯಾವುದು?’ ಎಂದು ಕೇಳಿದರು. ಬೆರಳಿಗೆ ಹತ್ತಿದ್ದ ಮಸಿ ಒರೆಸಿಕೊಳ್ಳುತ್ತ ನನ್ನ ಉತ್ತರಕ್ಕಾಗಿ ಕಾದರು. ಅಂದಿನಿಂದ ‘ಕಣ’ ಎಂಬ ಪದ ಬರೆಯುವಾಗಲೆಲ್ಲ ನನ್ನ ಕೈ ತಡೆಯುತ್ತದೆ.

ಇನ್ನೊಂದು ವಾಕ್ಯ: ‘ಇವು ಬೆಳಕಿನ ವೇಗದಲ್ಲಿ ಓಡುತ್ತವೆ.’ ಇಲ್ಲ. ಸಾಪೇಕ್ಷತೆಯ ಸಮೀಕರಣದ ರೂಪವಷ್ಟೇ ಇಲ್ಲಿದೆ; ಬೆಳಕಿನ ವೇಗ ಕೂರಬೇಕಾದ ಜಾಗದಲ್ಲಿ ಹರಳಿನದೇ ಆದ ಸಣ್ಣ ವೇಗ ಕೂತಿದೆ. ಇಂಗಾಲದ ಒಂದೇ ಪರಮಾಣು ದಪ್ಪದ ಹಾಳೆಯಾದ ಗ್ರಾಫೀನಿನಲ್ಲಿ ಅದು ಸೆಕೆಂಡಿಗೆ ಸುಮಾರು 1000 ಕಿ.ಮೀ., ಬೆಳಕಿನ ವೇಗದ ಮುನ್ನೂರರಲ್ಲಿ ಒಂದು ಪಾಲು.

ಈ ಎರಡು ತಪ್ಪುಗಳ ಭರದಲ್ಲಿ ನಿಜವಾದ ವಿಸ್ಮಯವನ್ನು ನೀವು ಅರ್ಧ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ನಿರ್ವಾತ ಪಾಲಿಸಲೇಬೇಕಾದ ಸಾಪೇಕ್ಷತೆಯ ಸಮಮಿತಿಯನ್ನು (ಎಲ್ಲ ದಿಕ್ಕಿಗೂ ಎಲ್ಲ ವೇಗಕ್ಕೂ ನಿಯಮ ಒಂದೇ ಎಂಬುದನ್ನು) ಹರಳಿನೊಳಗಿನ ಈ ಚಲನೆ ಪಾಲಿಸಬೇಕಿಲ್ಲ. ಇದಕ್ಕೆ ಹರಳಿನ ಜೋಡಣೆಯದೇ ಕಟ್ಟಳೆ. ಆದ್ದರಿಂದಲೇ ಮೂರು, ಆರು, ಎಂಟು ಪಟ್ಟಿಗಳು ಒಂದೇ ಬಿಂದುವಿನಲ್ಲಿ ಕೂಡಬಲ್ಲವು ಎಂದು 2016ರಲ್ಲಿ ಸಿದ್ಧಾಂತಿಗಳು ತೋರಿಸಿದರು. ಮೂರು ಕೂಡುವಲ್ಲಿ ಫರ್ಮಿಯಾನ್ ತನ್ನ ಸ್ಪಿನ್ (ಕಣದ ಸ್ವಂತ ತಿರುಗುವಿಕೆಯಂಥ ಗುಣದ ಅಳತೆ) 1 ಇರುವಂತೆ ವರ್ತಿಸಬಲ್ಲದು. ಮೂಲಕಣಗಳ ಲೋಕದಲ್ಲಿ ಫರ್ಮಿಯಾನಿನ ಸ್ಪಿನ್ 1/2, 3/2ರಂತೆ ಅರ್ಧದ ಲೆಕ್ಕದಲ್ಲೇ ಇರಬೇಕು; ಅಂಥ ಫರ್ಮಿಯಾನ್ ಅಲ್ಲಿ ಇರಲು ಸಾಧ್ಯವೇ ಇಲ್ಲ. 2019ರಲ್ಲಿ ಕೋಬಾಲ್ಟ್ ಸಿಲಿಸೈಡಿನಲ್ಲಿ ಅದರ ಗುರುತುಗಳು ಕಂಡವು. ನಿಮ್ಮ ಲೇಖನ ಶುರುವಾಗಬೇಕಾದದ್ದು ಅಲ್ಲಿಂದ.

ಎರಡನೆಯ ಪುಟವನ್ನು ಪೂರ್ತಿ ಮತ್ತೆ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ನಿಮಗಾಗಿ ನಾಲ್ಕು ಪುಟ ಕಾದಿರಿಸಿದ್ದೇನೆ.